ಉಣ್ಣೋದೂ ಒಂದು ಪಾಠ



ಮಗು ಅಕ್ಷರ ಕಲಿಯುವುದು ಶಾಲೆಯಲ್ಲಿ. ಮಾತು ಕಲಿಯುವುದು ಮನೆಯಲ್ಲಿ. ಉಣ್ಣುವುದನ್ನು ಕಲಿಯುವುದು ಎಲ್ಲಿ? ಅದೂ ಮನೆಯಲ್ಲೇ. ಅದನ್ನು ಯಾರೂ ಬೋರ್ಡಿನ ಮೇಲೆ ಬರೆದು ಕಲಿಸುವುದಿಲ್ಲ. ಮಗು ನೋಡಿ ನೋಡಿ ಕಲಿಯುತ್ತದೆ. ಈ ಪಾಠದಲ್ಲಿ ಅದರ ಬಗ್ಗೆ ಓದೋಣ.

1. ಆಷಾಢದ ಒಂದು ಸಂಜೆ

ನಮ್ಮ ಕಲಿಕಾ ಕೇಂದ್ರ ನಡೆಯುವುದು ಊರ ಶಾಲೆಯ ಜಗಲಿಯಲ್ಲಿ. ಸಂಜೆ ಆರೂವರೆಗೆ ಅಕ್ಕಂದಿರು ಬರುತ್ತಾರೆ. ಕೂಲಿಯಿಂದ ಬಂದು, ಕೈಕಾಲು ತೊಳೆದು, ಅತ್ತೆಗೋ ಮಗಳಿಗೋ ಒಲೆ ಒಪ್ಪಿಸಿ ಬರುತ್ತಾರೆ.

ಆ ಸಂಜೆ ಒಬ್ಬ ಅಕ್ಕ ಸುಮ್ಮನೆ ಕೂತಿದ್ದರು. ಊರಿನವರು ಅವರನ್ನು ಮೂಲೆಮನೆ ಅಕ್ಕ ಅಂತ ಕರೆಯುತ್ತಾರೆ. ನಾವೂ ಹಾಗೇ ಕರೆಯೋಣ. ಪುಸ್ತಕ ತೆರೆದಿತ್ತು. ಆದರೆ ಅವರ ಕಣ್ಣು ಪುಸ್ತಕದ ಮೇಲೆ ಇರಲಿಲ್ಲ.

“ಯಾಕಕ್ಕ, ಹುಷಾರಿಲ್ವಾ?” ಎಂದು ಕೇಳಿದೆವು.

“ಅಂಗನವಾಡೀಲಿ ನನ್ನ ಮಗನ ತೋಳು ಅಳೆದ್ರು ಟೀಚರ್. ಹಳದಿ ಬಂತು” ಎಂದರು.

ಅವರ ಮಗನಿಗೆ ಮೂರು ವರ್ಷ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳ ತೋಳನ್ನು ಒಂದು ಪಟ್ಟಿಯಿಂದ ಅಳೆಯುತ್ತಾರೆ. ಆ ಪಟ್ಟಿಗೆ ಮೂರು ಬಣ್ಣ. ತೋಳಿನ ಸುತ್ತಳತೆ 12.5 ಸೆಂಟಿಮೀಟರ್ ಅಥವಾ ಹೆಚ್ಚಿದ್ದರೆ ಹಸಿರು. 11.5ರಿಂದ 12.5ರ ಒಳಗಿದ್ದರೆ ಹಳದಿ. 11.5ಕ್ಕಿಂತ ಕಡಿಮೆ ಇದ್ದರೆ ಕೆಂಪು. ಹಸಿರು ಅಂದರೆ ಸರಿ ಇದೆ. ಹಳದಿ ಅಂದರೆ ಎಚ್ಚರಿಕೆ. ಕೆಂಪು ಅಂದರೆ ಅಪಾಯ. ಈ ಮಗುವಿನ ತೋಳು 12.2 ಇತ್ತು.

“ಮಗೂಗೆ ಊಟ ಹಾಕಲ್ವೇನೇ ಅಂತ ಪಕ್ಕದ ಮನೆಯವರು ಕೇಳಿದ್ರು. ನಾನು ಹಾಕ್ತೀನಿ ಟೀಚರ್. ಅವನು ಬಾಯೇ ತೆರೆಯಲ್ಲ. ನಾನೇನ್ ಮಾಡ್ಲಿ?” ಎಂದು ಅಕ್ಕ ಕಣ್ಣು ಒರೆಸಿಕೊಂಡರು.

“ನಮ್ಮನೇಲೂ ಇದೇ ಗೋಳು” ಎಂದರು ಇನ್ನೊಬ್ಬರು. “ನಮ್ಮ ಹುಡುಗ ಅಂತೂ ಸೊಪ್ಪು ಕಂಡ್ರೆ ಓಡ್ತಾನೆ” ಎಂದರು ಮತ್ತೊಬ್ಬರು. ಬಾವಿಮನೆ ಅಕ್ಕ ಮಾತ್ರ, “ನಮ್ಮ ಮಕ್ಕಳು ಎಲ್ಲಾ ತಿಂತವೆ ಕಣಕ್ಕ” ಎಂದರು.

ಮೂಲೆಮನೆಗೂ ಬಾವಿಮನೆಗೂ ಏನು ವ್ಯತ್ಯಾಸ? ಎರಡೂ ಮನೆಗೆ ಒಂದೊಂದು ಎಕರೆ ಹೊಲ. ಎರಡೂ ಮನೆಯವರು ಕೂಲಿಗೆ ಹೋಗುತ್ತಾರೆ. ಅಕ್ಕಿ ತರುವುದು ಒಂದೇ ರೇಷನ್ ಅಂಗಡಿಯಿಂದ. ಹಾಗಾದರೆ ಮಕ್ಕಳ ಊಟ ಬೇರೆ ಬೇರೆ ಆದದ್ದು ಹೇಗೆ?

ಅಂದು ನಾವು ಒಂದು ಮನೆಪಾಠ ಕೊಟ್ಟೆವು. ಮಗು ಬೆಳಗಿಂದ ರಾತ್ರಿವರೆಗೆ ಏನೇನು ತಿಂತು ಅಂತ ಬರೆದು ತನ್ನಿ. ತಪ್ಪು ಹುಡುಕಲು ಅಲ್ಲ, ಬೈಯಲು ಅಲ್ಲ. ಬರೀ ನೋಡಲು.

2. ಮೂಲೆಮನೆ ಅಕ್ಕ ಬರೆದ ಹಾಳೆ

ಅಕ್ಕ ತಾವೇ ಬರೆದರು. ತಾವು ಮನೆಯಲ್ಲಿ ಇಲ್ಲದ ಹೊತ್ತಿನದ್ದನ್ನು ಅತ್ತೆಯನ್ನು ಕೇಳಿ ಬರೆದರು. ಆ ಹಾಳೆ ಹೀಗಿತ್ತು.

ಬೆಳಿಗ್ಗೆ 7 ಗಂಟೆ: ಟೀ, ಎರಡು ಬಿಸ್ಕತ್ತು.
10 ಗಂಟೆ: ಅಂಗಡಿ ಪೊಟ್ಟಣ, 5 ರೂಪಾಯಿಯದು.
ಮಧ್ಯಾಹ್ನ: ಅಂಗನವಾಡಿ ಊಟ, ಎರಡೇ ತುತ್ತು.
ಸಂಜೆ 4 ಗಂಟೆ: ಟೀ, ಇನ್ನೊಂದು ಪೊಟ್ಟಣ.
ರಾತ್ರಿ 8 ಗಂಟೆ: ಅನ್ನ, ಸಾರಿನ ತಿಳಿ. ಮೊಬೈಲ್ ನೋಡುತ್ತಾ.

ಹಾಳೆಯನ್ನು ಎಲ್ಲರೂ ಸೇರಿ ಓದಿದೆವು. ಅಕ್ಕನಿಗೆ ತಾನೇ ಬರೆದದ್ದು ನೋಡಿ ಆಶ್ಚರ್ಯವಾಯಿತು. “ಅಯ್ಯೋ, ಇವನ ಹೊಟ್ಟೆ ಖಾಲಿ ಇಲ್ಲ ಟೀಚರ್. ತುಂಬಿದೆ!” ಎಂದರು.

ಅವರು ಹೇಳಿದ್ದು ಸರಿ. ಮೂರು ವರ್ಷದ ಮಗುವಿನ ಹೊಟ್ಟೆ ಬಲು ಚಿಕ್ಕದು. ಟೀ ಕುಡಿದರೆ ಹಸಿವು ಸಾಯುತ್ತದೆ. ಊಟದ ಜೊತೆ ಟೀ ಕುಡಿದರೆ ಊಟದಲ್ಲಿನ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಪೊಟ್ಟಣದಲ್ಲಿ ಉಪ್ಪು, ಎಣ್ಣೆ, ಖಾರ ಹೆಚ್ಚು. ನಾಲಿಗೆಗೆ ಅದೇ ರುಚಿ ಅಭ್ಯಾಸವಾದರೆ ಮನೆಯ ಸಾರು ಸಪ್ಪೆ ಅನಿಸುತ್ತದೆ. ಮೊಬೈಲ್ ನೋಡುತ್ತಾ ಉಂಡರೆ ಹೊಟ್ಟೆ ಹಸಿದಿದೆಯೋ ತುಂಬಿದೆಯೋ ಮಗುವಿಗೆ ತಿಳಿಯುವುದಿಲ್ಲ. ಹೀಗೆ ಒಂದಕ್ಕೊಂದು ಕೊಂಡಿ.

3. ಆ ರಾತ್ರಿಯ ಊಟ

“ಬನ್ನಿ ಟೀಚರ್, ಒಂದು ದಿನ ನಮ್ಮನೇಲಿ ಉಂಡು ಹೋಗಿ” ಎಂದು ಅಕ್ಕ ಕರೆದರು. ಹೋದೆವು. ಬಿಸಿ ರಾಗಿ ಮುದ್ದೆ, ಬಸ್ಸಾರು, ಪಲ್ಯ. ನಾವು ಬಂದೆವೆಂದು ಎರಡು ಮೊಟ್ಟೆ ಬೇರೆ ಬೇಯಿಸಿದ್ದರು.

ಬಸ್ಸಾರು ಹೇಗೆ ಮಾಡುತ್ತೇವೆ? ಸೊಪ್ಪು, ಕಾಳು ಬೇಯಿಸುತ್ತೇವೆ. ಕಟ್ಟು ಬಸಿದು ಸಾರು ಮಾಡುತ್ತೇವೆ. ಬಸಿದ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿ ಪಲ್ಯ ಮಾಡುತ್ತೇವೆ. ಮೈ ಬೆಳೆಸುವ ಕಾಳು ಇರುವುದು ಆ ಪಲ್ಯದಲ್ಲಿ.

ಮೊದಲು ಗಂಡಸರು ಮತ್ತು ಮಕ್ಕಳು ಕೂತರು. ಮನೆ ಯಜಮಾನರು ಪಲ್ಯವನ್ನು ಬೆರಳಿನಿಂದ ತಟ್ಟೆಯ ಅಂಚಿಗೆ ತಳ್ಳಿದರು. “ಇದೇನು, ದನಕ್ಕೆ ಹಾಕೋ ಮೇವು” ಎಂದು ನಕ್ಕರು. ಪಕ್ಕದಲ್ಲಿ ಕೂತಿದ್ದ ಮಗ ಅಪ್ಪನ ತಟ್ಟೆ ನೋಡಿದ. ತನ್ನ ಪಲ್ಯವನ್ನೂ ಹಾಗೇ ಬೆರಳಿನಿಂದ ಅಂಚಿಗೆ ತಳ್ಳಿದ. ಎಲ್ಲರೂ ನಕ್ಕರು.

ಮನೆಗೆ ಒಬ್ಬ ಮಗಳೂ ಇದ್ದಾಳೆ. ಹನ್ನೊಂದು ವರ್ಷ, ಆರನೇ ತರಗತಿ. ಅಕ್ಕ ಅವಳ ತಟ್ಟೆಗೆ ಅರ್ಧ ಮೊಟ್ಟೆ ಹಾಕಿದರು. ಅವಳು ಅದನ್ನು ತೆಗೆದು ತಮ್ಮನ ತಟ್ಟೆಗೆ ಹಾಕಿದಳು.

“ಯಾಕವ್ವ? ತಿನ್ನು” ಎಂದೆವು.

“ನಂಗೆ ಬೇಡ ಮಿಸ್. ಅಮ್ಮನೂ ತಿನ್ನಲ್ಲ” ಎಂದಳು.

ಅಕ್ಕ ಸೌಟು ಹಿಡಿದು ಹಾಗೇ ನಿಂತರು. ಆಮೇಲೆ ಎಲ್ಲರದೂ ಆಯಿತು. ಅತ್ತೆಯೂ ಉಂಡರು. ಕೊನೆಗೆ ಅಕ್ಕ ಕೂತರು. ಮುದ್ದೆ ಇತ್ತು, ಸಾರಿನ ತಿಳಿ ಇತ್ತು. ಪಲ್ಯ ಖಾಲಿಯಾಗಿತ್ತು.

ಮರುದಿನ ಕೇಂದ್ರದಲ್ಲಿ ಅಕ್ಕ ಹೇಳಿದರು: “ಕೊನೇಲಿ ಉಣ್ಣು ಅಂತ ನಂಗೆ ಯಾರೂ ಹೇಳಿಕೊಡ್ಲಿಲ್ಲ. ನಮ್ಮವ್ವನ್ನ ನೋಡಿ ಕಲ್ತೆ. ಈಗ ನನ್ನ ಮಗಳು ನನ್ನ ನೋಡಿ ಕಲೀತಿದ್ದಾಳೆ. ಮಗಂದು ಹಳದಿ ಬಂತು ಅಂತ ಅತ್ತೆ. ಮಗಳ ತೋಳನ್ನ ಯಾರೂ ಅಳೆದೇ ಇಲ್ಲ.”

ಕೇಂದ್ರದಲ್ಲಿ ಯಾರೂ ಮಾತಾಡಲಿಲ್ಲ. ಎಲ್ಲರ ಮನೆಯಲ್ಲೂ ಅಂಥ ಒಬ್ಬ ಮಗಳು ಇದ್ದಳು.

4. ಇದು ತಾಯಿಯ ತಪ್ಪೇ?

ಮಗು ಸೊರಗಿದರೆ ಎಲ್ಲರೂ ತಾಯಿಯನ್ನೇ ಬೈಯುತ್ತಾರೆ. ಆದರೆ ಮಗುವಿನ ತಟ್ಟೆಯ ಹಿಂದೆ ಇಡೀ ಮನೆ ಇದೆ. ಮನೆಯ ಹಿಂದೆ ಹೊಲ, ಅಂಗಡಿ, ಊರು ಇದೆ. ಒಂದೊಂದಾಗಿ ನೋಡೋಣ.

ಅಜ್ಜಿಯ ಪ್ರೀತಿ. ಪೊಟ್ಟಣ ಕೊಡಿಸುವವರು ಅಜ್ಜಿ. ನಾವು ಕೇಳಿದಾಗ ಅವರು ಹೇಳಿದರು: “ನಮ್ಮ ಕಾಲದಲ್ಲಿ ನಮಗೆ ಯಾರೂ ಒಂದು ಬತ್ತಾಸು ಕೊಡಿಸ್ಲಿಲ್ಲ ಕಣಮ್ಮ. ಮಗ ಅತ್ರೆ ನನ್ನ ಕರುಳು ತಡೆಯಲ್ಲ.” ಇದರಲ್ಲಿ ಕೆಟ್ಟ ಮನಸ್ಸು ಇಲ್ಲ. ಪ್ರೀತಿ ಇದೆ. ಆ ಪ್ರೀತಿಗೆ ಬೇರೆ ದಾರಿ ಬೇಕು.

ಅಪ್ಪನ ನೆನಪು. ಯಜಮಾನರು ಸೊಪ್ಪು ಬೇಡ ಅನ್ನುವುದಕ್ಕೂ ಕಾರಣ ಇತ್ತು. “ನಾನು ಚಿಕ್ಕವನಾಗಿದ್ದಾಗ ದಿನಾ ಬೇಲಿ ಸೊಪ್ಪಿನ ಸಾರೇ ಗತಿ. ಅದು ಬಡತನದ ಊಟ. ನನ್ನ ಮಕ್ಕಳಿಗೆ ಅದು ಬೇಡ ಅನ್ಸುತ್ತೆ” ಎಂದರು. ಬಡತನ ಕಂಡವರಿಗೆ ಅಂಗಡಿಯ ತಿಂಡಿ ದೊಡ್ಡಸ್ತಿಕೆ ಅನಿಸುತ್ತದೆ. ಹಿತ್ತಲ ಸೊಪ್ಪು ನಾಚಿಕೆ ಅನಿಸುತ್ತದೆ. ಆದರೆ ನುಗ್ಗೆ ಸೊಪ್ಪಿನಲ್ಲಿ ಕಣ್ಣಿಗೆ ಬೇಕಾದ ‘ಎ’ ಜೀವಸತ್ವ ಆಗುವ ಅಂಶ ತುಂಬಾ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ 10 ಮಿಲಿಗ್ರಾಂ ಆಸುಪಾಸು ಮಾತ್ರ. ಎಲುಬು, ಹಲ್ಲು ಗಟ್ಟಿಯಾಗಲು ಸುಣ್ಣದ ಅಂಶ ಬೇಕು. ಹಾಗಾದರೆ ಯಾವುದು ಬಡ ಊಟ? ಯಾವುದು ಸಿರಿ ಊಟ?

ಹೊಲ. ಹಿಂದೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತಿದ್ದರು. ಅವರೆ, ತೊಗರಿ, ಹುಚ್ಚೆಳ್ಳು ಎಲ್ಲ ಆ ಸಾಲಿನಲ್ಲಿ ಬೆಳೆಯುತ್ತಿದ್ದವು. ಮನೆಗೆ ವರ್ಷದ ಕಾಳು ಆಗುತ್ತಿತ್ತು. ಈಗ ಮೂಲೆಮನೆಯ ಅರ್ಧ ಹೊಲದಲ್ಲಿ ಮುಸುಕಿನ ಜೋಳ. ಅದು ಮಾರಾಟಕ್ಕೆ. ಉಳಿದ ಅರ್ಧದಲ್ಲಿ ಬರೀ ರಾಗಿ. ಕಾಳನ್ನು ದುಡ್ಡು ಕೊಟ್ಟು ತರಬೇಕು. ದುಡ್ಡು ಕೊಟ್ಟು ತಂದದ್ದು ಸಾರಿಗೆ ಒಂದೇ ಹಿಡಿ ಬೀಳುತ್ತದೆ.

ರೇಷನ್. 2013ರಲ್ಲಿ ಅನ್ನಭಾಗ್ಯ ಬಂತು. ಎಷ್ಟೋ ಮನೆಗಳ ಹಸಿವು ನೀಗಿತು. ಆದರೆ ಬರೀ ಅನ್ನದಿಂದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಅನ್ನದ ಜೊತೆ ಕಾಳು, ಸೊಪ್ಪು, ಮೊಟ್ಟೆ ಅಥವಾ ಹಾಲು ಬೇಕು.

ತಾಯಿಯ ಹೊತ್ತು. ಎಂಟು ಗಂಟೆಗೆ ಕೂಲಿಗೆ ಹೋಗುವ ತಾಯಿಗೆ ಮಗುವಿನ ಮುಂದೆ ಕೂತು ಉಣ್ಣಿಸಲು ಹೊತ್ತೆಲ್ಲಿದೆ? ಅದಕ್ಕೇ ಇದು ಒಬ್ಬರ ಕೆಲಸ ಅಲ್ಲ. ಮನೆಮಂದಿ ಎಲ್ಲರ ಕೆಲಸ.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. 2019ರಿಂದ 2021ರವರೆಗೆ ಸರ್ಕಾರ ದೇಶದ ಎಲ್ಲ ಕಡೆ ಕುಟುಂಬ ಆರೋಗ್ಯ ಸಮೀಕ್ಷೆ ನಡೆಸಿತು. ಕರ್ನಾಟಕದಲ್ಲಿ ಐದು ವರ್ಷದೊಳಗಿನ 100 ಮಕ್ಕಳಲ್ಲಿ ಸುಮಾರು 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ಆರು ತಿಂಗಳಿಂದ ಐದು ವರ್ಷದವರೆಗಿನ 100 ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆ ಇತ್ತು. 15ರಿಂದ 49 ವರ್ಷದ 100 ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಕೊನೆಯಲ್ಲಿ ಉಳಿದದ್ದು ಉಣ್ಣುವ ತಾಯಂದಿರು ಈ ಲೆಕ್ಕದಲ್ಲಿ ಇದ್ದಾರೆ. ಮೊಟ್ಟೆ ಬಿಟ್ಟುಕೊಡುವ ಹೆಣ್ಣುಮಕ್ಕಳು ನಾಳೆ ಇದೇ ಲೆಕ್ಕಕ್ಕೆ ಸೇರುತ್ತಾರೆ. ರಕ್ತ ಕಡಿಮೆ ಇರುವ ತಾಯಿಗೆ ತೂಕ ಕಡಿಮೆಯ ಮಗು ಹುಟ್ಟುವ ಸಂಭವ ಹೆಚ್ಚು.

5. ಮೂಲೆಮನೆಯಲ್ಲಿ ಏನಾಯಿತು?

ಅಕ್ಕ ಜಗಳ ಆಡಲಿಲ್ಲ. ಮೊದಲು ಅತ್ತೆಯ ಹತ್ತಿರ ಕೂತರು. “ಅತ್ತೆ, ನೀವು ಮಾಡ್ತಿದ್ರಲ್ಲ ಹುರಿಹಿಟ್ಟು, ಅದು ನಂಗೆ ಬರಲ್ಲ. ಹೇಳಿಕೊಡಿ” ಎಂದರು. ಅತ್ತೆಗೆ ಖುಷಿಯಾಯಿತು. ರಾಗಿ ಹುರಿದು ಅರಳು ಮಾಡಿದರು. ಬೀಸಿ ಹಿಟ್ಟು ಮಾಡಿ ಡಬ್ಬಿಗೆ ತುಂಬಿದರು. ಹತ್ತು ಗಂಟೆಗೆ ಮೊಮ್ಮಗ ಅತ್ತಾಗ ಹುರಿಹಿಟ್ಟು, ಬೆಲ್ಲ, ಕಾಯಿತುರಿ, ಸ್ವಲ್ಪ ಹಾಲು ಕಲಸಿ ಉಂಡೆ ಮಾಡಿ ಕೊಟ್ಟರು. ಮೊದಲ ದಿನ ಅವನು ಉಗಿದ. ಎರಡನೇ ದಿನ ನೆಕ್ಕಿದ. ವಾರದ ಹೊತ್ತಿಗೆ ಕೇಳಿ ತಿಂದ.

ಇದು ನೆನಪಿರಲಿ. ಹೊಸ ರುಚಿ ಮಗುವಿನ ನಾಲಿಗೆಗೆ ಒಗ್ಗಲು ಹೊತ್ತು ಬೇಕು. ಕೆಲವು ಮಕ್ಕಳಿಗೆ ಎಂಟು ಹತ್ತು ಸಲ ಕೊಡಬೇಕಾಗುತ್ತದೆ. ಇನ್ನೂ ಹೆಚ್ಚೂ ಆಗಬಹುದು. ಒಂದು ಸಲ ಉಗಿದರೆ “ಇವನಿಗೆ ಆಗಲ್ಲ” ಅಂತ ಬಿಡಬಾರದು. ಹೊಡೆದು ತುರುಕಲೂಬಾರದು. ಹೊಡೆದು ತಿನ್ನಿಸಿದ್ದು ಮಗುವಿಗೆ ಕಹಿಯಾಗಿಯೇ ನೆನಪಿರುತ್ತದೆ.

ಆಮೇಲೆ ಯಜಮಾನರು. ಅವರ ಜೊತೆ ಮಾತು ಸುಲಭ ಇರಲಿಲ್ಲ. “ನನ್ನ ತಟ್ಟೆ ಮೇಲೂ ನಿಮ್ಮ ಪಾಠವಾ?” ಎಂದು ಸಿಟ್ಟಾದರು. ಅಕ್ಕ ಒಂದೇ ಮಾತು ಹೇಳಿದರು: “ನಿಮಗೆ ಬೇಡವಾದ್ರೆ ಬಿಡಿ. ದನದ ಮೇವು ಅಂತ ಮಾತ್ರ ಮಗನ ಮುಂದೆ ಅನ್ನಬೇಡಿ. ಅವನು ನಿಮ್ಮನ್ನೇ ನೋಡ್ತಾನೆ.” ಯಜಮಾನರು ಏನೂ ಹೇಳಲಿಲ್ಲ. ನಾಲ್ಕು ದಿನ ಬಿಟ್ಟು ಒಂದು ರಾತ್ರಿ, ಮಗ ನೋಡುವಂತೆ, ಒಂದು ತುತ್ತು ಪಲ್ಯ ಬಾಯಿಗೆ ಹಾಕಿಕೊಂಡರು. ಮಗನೂ ಹಾಕಿಕೊಂಡ. ಆ ಮಳೆಗೇ ರಾಗಿ ನಡುವೆ ಎರಡು ಸಾಲು ಅವರೆ ಬಿತ್ತಿದರು.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಅಕ್ಕ ಮಗಳ ಜೊತೆ ಕೂತು ಉಣ್ಣಲು ಶುರು ಮಾಡಿದರು. ಅಡುಗೆ ಎಲ್ಲ ನಡುವೆ ಇಟ್ಟು, ಎಲ್ಲರೂ ಒಟ್ಟಿಗೆ ಕೂರುವುದು. ಬೇಕಾದವರು ಬಡಿಸಿಕೊಳ್ಳುವುದು. ಅತ್ತೆ ಮೊದಲು ಮುಖ ಸಿಂಡರಿಸಿದರು. ಆಮೇಲೆ, “ಒಳ್ಳೇದೇ ಆಯ್ತು, ಬಿಸಿ ಇರುವಾಗಲೇ ಎಲ್ಲರದೂ ಆಗುತ್ತೆ” ಎಂದರು. ಮೊಟ್ಟೆ ತಂದ ದಿನ ಅಕ್ಕ ತಮಗೂ ಒಂದು ಹೋಳು ಹಾಕಿಕೊಂಡರು. ಮಗಳು ಅಮ್ಮನ ತಟ್ಟೆ ನೋಡಿದಳು. ಆಮೇಲೆ ತನ್ನ ಪಾಲು ತಿಂದಳು.

ನಾಲ್ಕು ತಿಂಗಳು ಕಳೆಯಿತು. ಕಾರ್ತಿಕದಲ್ಲಿ ಮತ್ತೆ ತೋಳು ಅಳೆದರು. 12.6 ಬಂತು. ಹಸಿರು! ಎಲ್ಲ ಸರಿಹೋಯಿತು ಅಂತ ನಾವು ಹೇಳುವುದಿಲ್ಲ. ಇನ್ನೂ ಕೆಲವು ದಿನ ಪಲ್ಯ ಅಂಚಿಗೆ ಹೋಗುತ್ತದೆ. ಸಂತೆಯ ದಿನ ಅಜ್ಜಿ ಪೊಟ್ಟಣ ತರುತ್ತಾರೆ. ಕೆಲಸ ಹೆಚ್ಚಾದ ದಿನ ಅಕ್ಕ ಮತ್ತೆ ಕೊನೆಯಲ್ಲೇ ಉಣ್ಣುತ್ತಾರೆ. ಆದರೆ ಈಗ ಮಗಳು ಕೇಳುತ್ತಾಳೆ: “ಅಮ್ಮ, ನಿಂಗೆ ಪಲ್ಯ ಎತ್ತಿಟ್ಟಿದ್ದೀಯಾ?”

6. ನಾವು ಏನು ಮಾಡಬಹುದು?

ಬಾವಿಮನೆ ಅಕ್ಕನ ಹಾಳೆಯಲ್ಲೂ ದೊಡ್ಡ ಗುಟ್ಟೇನೂ ಇರಲಿಲ್ಲ. ಬೆಳಿಗ್ಗೆ ಟೀ ಬದಲು ರಾಗಿ ಅಂಬಲಿ. ಹಿತ್ತಲಲ್ಲಿ ಒಂದು ನುಗ್ಗೆ ಮರ. ಉಣ್ಣುವಾಗ ಟಿವಿ ಬಂದ್. ಮಕ್ಕಳೇ ಸೊಪ್ಪು ಬಿಡಿಸುತ್ತಾರೆ, ಗಂಡುಮಗನೂ ಕೂಡ. ತಾನೇ ಬಿಡಿಸಿದ ಸೊಪ್ಪನ್ನು ಮಗು ಬೇಡ ಅನ್ನುವುದು ಕಡಿಮೆ.

ಇನ್ನೂ ಕೆಲವು ಮಾತು:

ಹುಟ್ಟಿದ ಮಗುವಿಗೆ ಆರು ತಿಂಗಳು ಎದೆಹಾಲು ಮಾತ್ರ. ನೀರೂ ಬೇಡ. ಆರು ತಿಂಗಳು ತುಂಬಿದ ಮೇಲೆ ಮೆತ್ತಗಿನ ಊಟ ಶುರು ಮಾಡಬೇಕು. ಎದೆಹಾಲನ್ನು ಎರಡು ವರ್ಷದವರೆಗೆ, ಆಮೇಲೂ ಕೊಡಬಹುದು.

ಚಿಕ್ಕ ಮಕ್ಕಳಿಗೆ ಇಡೀ ಕಡಲೆಕಾಯಿ ಬೀಜ ಕೊಡಬೇಡಿ. ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಕೊಡಿ.

ಸೊಪ್ಪಿನ ಊಟಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡಿ. ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ.

ಅಂಗನವಾಡಿ ಮತ್ತು ಶಾಲೆಯಲ್ಲಿ ಜಂತುಹುಳುವಿನ ಮಾತ್ರೆ ಕೊಡುವ ದಿನ ಮಗುವನ್ನು ತಪ್ಪಿಸಬೇಡಿ. ಹೊಟ್ಟೆಯಲ್ಲಿ ಹುಳು ಇದ್ದರೆ ಉಂಡದ್ದು ಹತ್ತುವುದಿಲ್ಲ.

ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ, ಹಾಲು ಇದೆ. ಮೊಟ್ಟೆಯೂ ಇದೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುತ್ತಾರೆ. “ಇವತ್ತು ಏನು ಕೊಟ್ಟರು? ತಿಂದೆಯಾ?” ಅಂತ ಮಗಳನ್ನೂ ಮಗನನ್ನೂ ಕೇಳಿ. ಗರ್ಭಿಣಿ, ಬಾಣಂತಿಯರಿಗೆ 2017ರಿಂದ ಮಾತೃಪೂರ್ಣ ಯೋಜನೆ ಇದೆ. ನಿಮ್ಮ ಅಂಗನವಾಡಿಯಲ್ಲಿ ವಿಚಾರಿಸಿ.

ಪಟ್ಟಿಯಲ್ಲಿ ಕೆಂಪು ಬಂದರೆ, ಕಾಲು ಊದಿದರೆ, ಮಗು ಏನೂ ತಿನ್ನದೆ ಸುಸ್ತಾಗಿ ಮಲಗಿದರೆ, ಮನೆಮದ್ದು ಮಾಡುತ್ತಾ ಕೂರಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥ ಮಕ್ಕಳಿಗೆ ಪೌಷ್ಟಿಕ ಪುನಶ್ಚೇತನ ಕೇಂದ್ರ ಇದೆ.

ನೆನಪಿಡಿ

ಮಗು ನಮ್ಮ ಮಾತು ಕೇಳುವುದಕ್ಕಿಂತ ನಮ್ಮ ತಟ್ಟೆ ನೋಡುವುದು ಹೆಚ್ಚು.
ಅಮ್ಮ ಉಂಡರೆ ಮಗಳೂ ಉಣ್ಣುತ್ತಾಳೆ.
ಅಪ್ಪ ಸೊಪ್ಪು ತಿಂದರೆ ಮಗನೂ ತಿನ್ನುತ್ತಾನೆ.
ಅಜ್ಜಿಯ ಪ್ರೀತಿ ಪೊಟ್ಟಣದಲ್ಲಿ ಬೇಡ, ಹುರಿಹಿಟ್ಟಿನಲ್ಲಿ ಇರಲಿ.

ಪದಗಳ ಅರ್ಥ

ಸುತ್ತಳತೆ: ಸುತ್ತಲೂ ಅಳೆದ ಅಳತೆ.
ರಕ್ತಹೀನತೆ: ಮೈಯಲ್ಲಿ ರಕ್ತದ ಸತ್ವ ಕಡಿಮೆ ಇರುವುದು.
ಜೀವಸತ್ವ: ಮೈ ಆರೋಗ್ಯಕ್ಕೆ ಸ್ವಲ್ಪವೇ ಸಾಕಾದರೂ ಬೇಕೇ ಬೇಕಾದ ಅಂಶ.
ಸಮೀಕ್ಷೆ: ಮನೆ ಮನೆಗೆ ಹೋಗಿ ಕೇಳಿ ಬರೆದುಕೊಳ್ಳುವುದು.

ಅಭ್ಯಾಸ

ಅ. ಬಿಟ್ಟ ಜಾಗ ತುಂಬಿ.
1. ತೋಳಿನ ಪಟ್ಟಿಯಲ್ಲಿ ಹಳದಿ ಬಂದರೆ ............
2. ಬಸ್ಸಾರಿನ ಕಾಳು ಇರುವುದು ............ದಲ್ಲಿ.
3. ಹುಟ್ಟಿದ ಮಗುವಿಗೆ ............ ತಿಂಗಳು ಎದೆಹಾಲು ಮಾತ್ರ.

ಆ. ಲೆಕ್ಕ ಮಾಡಿ.
ದಿನಕ್ಕೆ 5 ರೂಪಾಯಿಯ ಎರಡು ಪೊಟ್ಟಣ ತಂದರೆ ದಿನಕ್ಕೆ ಎಷ್ಟು ಖರ್ಚು? 30 ದಿನಕ್ಕೆ ಎಷ್ಟು? ಒಂದು ಮೊಟ್ಟೆಗೆ 7 ರೂಪಾಯಿ ಅಂದುಕೊಂಡರೆ ಆ ದುಡ್ಡಿಗೆ ಎಷ್ಟು ಮೊಟ್ಟೆ ಬರುತ್ತವೆ?
(ಉತ್ತರ: ದಿನಕ್ಕೆ 10 ರೂಪಾಯಿ. 30 ದಿನಕ್ಕೆ 300 ರೂಪಾಯಿ. 42 ಮೊಟ್ಟೆ, 6 ರೂಪಾಯಿ ಉಳಿಯುತ್ತದೆ.)

ಇ. ಸೇರಿ ಮಾತಾಡಿ.
1. ನಿಮ್ಮ ಮನೆಯಲ್ಲಿ ಕೊನೆಯಲ್ಲಿ ಉಣ್ಣುವವರು ಯಾರು? ಅವರ ತಟ್ಟೆಗೆ ಏನು ಉಳಿದಿರುತ್ತದೆ?
2. ಮೂಲೆಮನೆ ಯಜಮಾನರು ಸೊಪ್ಪು ಬೇಡ ಅಂದದ್ದು ಯಾಕೆ? ನಿಮ್ಮ ಮನೆಯಲ್ಲಿ ಹೀಗೆ ಅನ್ನುವವರು ಇದ್ದಾರಾ?

ಈ. ಬರೆಯಿರಿ.
ನಾಳೆ ನಿಮ್ಮ ಮಗು ಬೆಳಗಿಂದ ರಾತ್ರಿವರೆಗೆ ಏನೇನು ತಿಂತು? ಒಂದು ಹಾಳೆಯಲ್ಲಿ ಬರೆಯಿರಿ. ಪಕ್ಕದಲ್ಲಿ ಇನ್ನೊಂದು ಸಾಲು ಬಿಡಿ. ಅಲ್ಲಿ ನೀವು ಏನೇನು ತಿಂದಿರಿ ಅಂತ ಬರೆಯಿರಿ. ಆ ಸಾಲನ್ನು ಖಾಲಿ ಬಿಡಬೇಡಿ.